ನುಚ್ಚಿನುಂಡೆ ಒಮ್ಮೆ ಕಲ್ಲಾಗುವುದೇಕೆ, ಇನ್ನೊಮ್ಮೆ ಪುಡಿಯಾಗುವುದೇಕೆ?

ಓದುಗರ ಪ್ರಶ್ನೆ: ಬೆಳಗಿನ ತಿಂಡಿಗೆ ಆಗಾಗ ನುಚ್ಚಿನುಂಡೆ ಮಾಡುತ್ತೇನೆ. ಪ್ರತಿಸಲವೂ ಅದೇ ಒಂದು ಲೋಟ ತೊಗರಿಬೇಳೆ, ಅದೇ ತೆಂಗಿನತುರಿ, ಅದೇ ಸಬ್ಬಸಿಗೆ ಸೊಪ್ಪು, ಅದೇ ಇಡ್ಲಿ ಪಾತ್ರೆ. ಆದರೂ ಒಂದು ವಾರ ಉಂಡೆ ಕಲ್ಲಿನಂತಾಗಿ ಗಂಟಲಿಗೆ ಇಳಿಯುವುದಿಲ್ಲ. ಮುಂದಿನ ವಾರ ತಟ್ಟೆಯಿಂದ ತೆಗೆಯುವಷ್ಟರಲ್ಲೇ ಪುಡಿಯಾಗುತ್ತದೆ. ಅಳತೆ ಬದಲಾಗದಿದ್ದರೂ ಹೀಗಾಗುವುದೇಕೆ?

ಉತ್ತರ: ಈ ಎರಡು ದೋಷಗಳು ಬೇರೆಬೇರೆಯಾಗಿ ಕಂಡರೂ ಸಾಮಾನ್ಯವಾಗಿ ಒಂದು ಇನ್ನೊಂದನ್ನು ಹುಟ್ಟಿಸುತ್ತದೆ. ಉಂಡೆ ಪುಡಿಯಾದ ಮರುವಾರ ನಾವು ಬೇಳೆಯನ್ನು ಇನ್ನಷ್ಟು ನುಣ್ಣಗೆ ರುಬ್ಬುತ್ತೇವೆ, ಅಥವಾ ಹಿಡಿತಕ್ಕೆಂದು ಎರಡು ಚಮಚ ಅಕ್ಕಿಹಿಟ್ಟು ಬೆರೆಸುತ್ತೇವೆ. ಆಗ ಉಂಡೆ ಗಟ್ಟಿಯಾಗುತ್ತದೆ. ಗಟ್ಟಿಯಾಯಿತಲ್ಲ ಎಂದು ಅದರ ಮುಂದಿನ ವಾರ ಮಿಕ್ಸಿಯನ್ನು ಬೇಗ ನಿಲ್ಲಿಸುತ್ತೇವೆ, ಮತ್ತೆ ಪುಡಿಯಾಗುತ್ತದೆ. ಸಾಮಗ್ರಿಯ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಇದಕ್ಕೆ ಕಾರಣ ಸಿಗುವುದಿಲ್ಲ, ಏಕೆಂದರೆ ಕಾರಣವಿರುವುದು ಬೇಳೆಯೊಳಗೆ ಎಷ್ಟು ನೀರು ಸೇರಿದೆ ಮತ್ತು ಬೇಳೆ ಎಷ್ಟು ಬಗೆಯ ತರಿಯಾಗಿ ಒಡೆದಿದೆ ಎಂಬ ಎರಡು ಸಂಗತಿಗಳಲ್ಲಿ.

ಎರಡನೆಯ ಸಂಗತಿಯನ್ನು ತಿಂಡಿಯ ಹೆಸರೇ ಹೇಳುತ್ತಿದೆ. ನುಚ್ಚು ಎಂದರೆ ಒಡೆದ ಕಾಳು. ಉತ್ತರ ಕರ್ನಾಟಕದವರಿಗೆ ನುಚ್ಚು ಎಂದೊಡನೆ ನೆನಪಾಗುವುದು ಒಡೆದ ಜೋಳವನ್ನು ಬೇಯಿಸಿ ಮಜ್ಜಿಗೆಯೊಡನೆ ಉಣ್ಣುವ ನುಚ್ಚು. ಮೈಸೂರು, ಮಂಡ್ಯ, ಹಾಸನ, ತುಮಕೂರು, ಬೆಂಗಳೂರು ಕಡೆಯವರಿಗೆ ಅದೇ ಪದ ಬೇಳೆಯ ಈ ಉಂಡೆಯೊಳಗೆ ಉಳಿದುಕೊಂಡಿದೆ. ಎರಡೂ ಕಡೆ ಅರ್ಥ ಒಂದೇ: ಹಿಟ್ಟಾಗದ, ಇಡಿಯಾಗಿಯೂ ಉಳಿಯದ ಸ್ಥಿತಿ. ನುಣ್ಣಗೆ ರುಬ್ಬಿದ ಬೇಳೆಯಿಂದ ಮಾಡಿದ್ದು ಉಂಡೆಯಾಗಬಹುದು, ನುಚ್ಚಿನುಂಡೆಯಾಗುವುದಿಲ್ಲ.

ಮೊದಲು ನೀರಿನ ವಿಚಾರವನ್ನು ನೋಡೋಣ. ಒಣ ತೊಗರಿಬೇಳೆಯ ತೂಕದಲ್ಲಿ ಶೇಕಡ 22ರ ಆಸುಪಾಸು ಪ್ರೋಟೀನ್, ಉಳಿದದ್ದರಲ್ಲಿ ಬಹುಪಾಲು ಪಿಷ್ಟ. ಹಬೆಯ ಬಿಸಿಗೆ ಪ್ರೋಟೀನ್ ಹೆಪ್ಪುಗಟ್ಟುತ್ತದೆ. ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ, ಅಂಟಾಗಿ, ಪಕ್ಕದ ತರಿಯನ್ನು ಹಿಡಿದುಕೊಳ್ಳುತ್ತವೆ. ಆದರೆ ಹೀರಲು ನೀರು ಆ ಕಣದ ಬಳಿಯೇ ಇರಬೇಕು. ಅನ್ನ ಬೇಯುವಾಗ ಅಕ್ಕಿಯ ಸುತ್ತ ನೀರಿರುತ್ತದೆ, ಹೀಗಾಗಿ ಕೊರತೆಯಾಗುವುದಿಲ್ಲ. ನುಚ್ಚಿನುಂಡೆ ಬೇಯುವುದು ಹಬೆಯಲ್ಲಾದ್ದರಿಂದ, ಬೇಳೆ ನೆನೆಯುವಾಗ ಒಳಗೆ ತೆಗೆದುಕೊಂಡ ನೀರೇ ಅದರ ಪಾಲಿನ ಮುಖ್ಯ ನೀರು. ನೆನೆದದ್ದು ಸಾಲದಿದ್ದರೆ ತರಿಯ ನಡುವೆ ಒಣ ತಿರುಳು ಉಳಿದು, ಹದಿನೈದು ನಿಮಿಷವಲ್ಲ, ಅರ್ಧ ಗಂಟೆ ಹಬೆಯಲ್ಲಿಟ್ಟರೂ ಹಲ್ಲಿಗೆ ಹಸಿಯಾಗಿ ಸಿಗುತ್ತದೆ. ಇದನ್ನೇ ಅನೇಕರು ಗಟ್ಟಿಯಾಯಿತು ಎನ್ನುತ್ತಾರೆ. ನಿಜವಾಗಿ ಅದು ಬೆಂದಿಲ್ಲ.

ಚೆನ್ನಾಗಿ ನೆನೆದ ಬೇಳೆ ಹೆಚ್ಚುಕಡಿಮೆ ತನ್ನಷ್ಟೇ ತೂಕದ ನೀರನ್ನು ಹೀರಿರುತ್ತದೆ. ತೊಗರಿಬೇಳೆಗೆ ಎರಡರಿಂದ ಮೂರು ಗಂಟೆ, ಕಡಲೆಬೇಳೆ ಬೆರೆತಿದ್ದರೆ ನಾಲ್ಕು ಗಂಟೆ ಬೇಕಾಗುತ್ತದೆ. ಗಡಿಯಾರಕ್ಕಿಂತ ಉಗುರನ್ನು ನಂಬುವುದು ಒಳ್ಳೆಯದು: ಒಂದು ಬೇಳೆಯನ್ನು ಉಗುರಿನಿಂದ ಒತ್ತಿದಾಗ ಅದು ಸುಲಭವಾಗಿ ತುಂಡಾಗಬೇಕು, ತುಂಡಾದ ಜಾಗದಲ್ಲಿ ನಡುವೆ ಬೆಳ್ಳಗಿನ ಒಣ ಗೆರೆ ಕಾಣಬಾರದು. ಬಹುಕಾಲ ಡಬ್ಬಿಯಲ್ಲಿದ್ದ ಹಳೆಯ ಬೇಳೆ ನೀರನ್ನು ನಿಧಾನವಾಗಿ ಹೀರುತ್ತದೆ. ಹೊಸ ಪೊಟ್ಟಣ ತೆರೆದ ವಾರಕ್ಕೂ ಅದೇ ಪೊಟ್ಟಣದ ತಳ ಕಂಡ ವಾರಕ್ಕೂ ಫಲ ಬೇರೆಯಾಗಲು ಇದೂ ಒಂದು ಕಾರಣವಿರಬಹುದು. ಹೊರದೇಶಗಳಲ್ಲಿರುವ ಕನ್ನಡಿಗರು ಇನ್ನೊಂದು ವಿಷಯವನ್ನು ಗಮನಿಸಬೇಕು. ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ಎಣ್ಣೆ ಸವರಿದ ತೊಗರಿಬೇಳೆಯೂ ಮಾರಾಟಕ್ಕಿರುತ್ತದೆ. ಆ ಜಿಡ್ಡು ಹೋಗುವವರೆಗೆ ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯದೆ ನೆನೆಹಾಕಿದರೆ ನೀರು ಒಳಗೆ ಹೋಗುವುದು ತಡವಾಗುತ್ತದೆ.

ತಿಂಡಿಗಾಗಿ ಮಾಡುವವರ ನಿಜವಾದ ಕಷ್ಟ ಇಲ್ಲಿದೆ: ಬೆಳಗಿನ ಏಳಕ್ಕೆ ಉಂಡೆ ಬೇಕಾದರೆ ಬೇಳೆಯನ್ನು ನಾಲ್ಕಕ್ಕೆ ಎದ್ದು ನೆನೆಹಾಕುವವರು ಯಾರು? ಹೀಗಾಗಿ ರಾತ್ರಿಯೇ ನೀರಿಗೆ ಹಾಕಿ ಮಲಗುತ್ತೇವೆ. ಬೇಸಿಗೆಯಲ್ಲಿ ಎಂಟು ಗಂಟೆ ಕಳೆಯುವಷ್ಟರಲ್ಲಿ ನೀರಿನ ಮೇಲೆ ನೊರೆ ಬಂದು, ಬೇಳೆ ಮೆತ್ತಗಾಗಿ, ಸಣ್ಣ ಹುಳಿವಾಸನೆಯೂ ಸೇರಿರುತ್ತದೆ. ಅಂಥ ಬೇಳೆ ಮಿಕ್ಸಿಯಲ್ಲಿ ಒಡೆಯುವುದಿಲ್ಲ, ಕಲಸಿಹೋಗುತ್ತದೆ. ನನಗೆ ಸರಿಹೊಂದಿದ ದಾರಿಯೆಂದರೆ ಸಂಜೆ ಆರಕ್ಕೆ ನೆನೆಹಾಕಿ, ಮಲಗುವ ಮುನ್ನ ನೀರನ್ನು ಪೂರ್ತಿ ಬಸಿದು, ಬೇಳೆಯನ್ನು ಮಾತ್ರ ಮುಚ್ಚಿ ಫ್ರಿಜ್ಜಿನಲ್ಲಿಡುವುದು. ಬೆಳಿಗ್ಗೆ ಅದರ ಮೈ ಒಣಗಿರುತ್ತದೆ, ಒಳಗೆ ನೀರು ಉಳಿದಿರುತ್ತದೆ. ನುಚ್ಚಿಗೆ ಬೇಕಾದದ್ದು ಇದೇ ಸ್ಥಿತಿ. ಮೈಗೆ ಅಂಟಿದ ನೀರು ಇನ್ನೂ ಇದ್ದರೆ ಒಂದು ಬಟ್ಟೆಯ ಮೇಲೆ ಹತ್ತು ನಿಮಿಷ ಹರಡಿದರೆ ಸಾಕು.

ಇನ್ನು ರುಬ್ಬುವ ವಿಚಾರ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಇದು ಪ್ರಶ್ನೆಯೇ ಆಗಿರಲಿಲ್ಲ, ಏಕೆಂದರೆ ಒರಳುಕಲ್ಲಿನಲ್ಲಿ ನಾಲ್ಕು ಸುತ್ತು ತಿರುಗಿಸಿದಾಗ ಗುಂಡಿನಡಿಗೆ ಸಿಕ್ಕ ಬೇಳೆ ನುಣ್ಣಗಾಗುತ್ತಿತ್ತು, ಅಂಚಿಗೆ ಜಾರಿದ್ದು ತರಿಯಾಗಿಯೇ ಉಳಿಯುತ್ತಿತ್ತು, ಕೈಯಿಂದ ಒಳಗೆ ತಳ್ಳುತ್ತಲೇ ಎರಡೂ ಬೆರೆಯುತ್ತಿದ್ದವು. ಮಿಕ್ಸಿ ಹಾಗಲ್ಲ. ಒಂದೇ ಸಮನೆ ಓಡಿಸಿದರೆ ತಳದಲ್ಲಿರುವುದು ಚಟ್ನಿಯಾಗುತ್ತದೆ, ಮೇಲಿರುವುದು ಇಡೀ ಬೇಳೆಯಾಗಿಯೇ ಕುಳಿತಿರುತ್ತದೆ. ತಿರುಗದೇ ಹೋದಾಗ ನೀರು ಹಾಕುವ ಆಸೆಯಾಗುತ್ತದೆ, ಮತ್ತು ನುಚ್ಚಿನುಂಡೆ ಕೆಡುವುದು ಹೆಚ್ಚಾಗಿ ಆ ಎರಡು ಚಮಚ ನೀರಿನಿಂದಲೇ. ನೀರನ್ನು ಹಾಕಲೇಬಾರದು. ಜಾರಿನ ಅರ್ಧಕ್ಕಿಂತ ಕಡಿಮೆ ಬೇಳೆ ಹಾಕಿ, ಗುಂಡಿಯನ್ನು ಎಡಕ್ಕೆ ತಿರುಗಿಸಿ ಬಿಟ್ಟು ಬಿಟ್ಟು ನಾಲ್ಕೈದು ಸಲ ಓಡಿಸಿ, ನಡುವೆ ಚಮಚದಿಂದ ಮೇಲೆಕೆಳಗೆ ಮಾಡಬೇಕು. ಹಸಿಮೆಣಸಿನಕಾಯಿ, ಶುಂಠಿಗಳನ್ನು ಮೊದಲು ಬೇರೆಯಾಗಿ ಜಜ್ಜಿಕೊಂಡರೆ ಅವುಗಳಿಗಾಗಿ ಬೇಳೆಯನ್ನು ಹೆಚ್ಚು ತಿರುಗಿಸುವ ಅಗತ್ಯ ಬೀಳುವುದಿಲ್ಲ.

ತರಿಯಷ್ಟೇ ಇದ್ದರೂ ಉಂಡೆ ನಿಲ್ಲುವುದಿಲ್ಲ ಎಂಬುದು ಮುಖ್ಯ. ಮರಳಿನಿಂದ ಮಾತ್ರ ಗೋಡೆ ಕಟ್ಟಲಾಗದು, ಅದರ ನಡುವೆ ಗಾರೆ ಬೇಕು. ಬರೀ ಗಾರೆಯಾದರೆ ಹಬೆ ನುಸುಳಲು ಸಂದುಗಳೇ ಉಳಿಯದೆ ಉಂಡೆ ಬಿಗಿದುಕೊಳ್ಳುತ್ತದೆ. ಹೀಗಾಗಿ ನಾನು ಬೇಳೆಯ ನಾಲ್ಕರಲ್ಲಿ ಒಂದು ಪಾಲನ್ನು ನುಣ್ಣಗೆ ರುಬ್ಬಿ, ಉಳಿದ ಮೂರು ಪಾಲನ್ನು ಚಿರೋಟಿ ರವೆಗಿಂತ ಬಹಳ ದಪ್ಪವಾಗಿ, ಅಲ್ಲೊಂದು ಇಲ್ಲೊಂದು ಅರ್ಧ ಬೇಳೆ ಕಾಣುವಂತೆ ಒಡೆದು, ಎರಡನ್ನೂ ಕೈಯಲ್ಲಿ ಬೆರೆಸುತ್ತೇನೆ. ಈ ಒಂದು ಬದಲಾವಣೆಯಿಂದ ಅಕ್ಕಿಹಿಟ್ಟು, ಕಡಲೆಹಿಟ್ಟುಗಳ ಅಗತ್ಯ ತಪ್ಪುತ್ತದೆ. ಮೃದುವಾಗಲೆಂದು ಅಡಿಗೆ ಸೋಡ ಹಾಕುವವರೂ ಇದ್ದಾರೆ. ಅದರಿಂದ ಬೇಳೆಯ ಬಣ್ಣವೂ ರುಚಿಯೂ ಕೆಡುತ್ತವೆಂಬುದು ನನ್ನ ಅಭಿಪ್ರಾಯ, ಸಂದುಗಳಿರುವ ನುಚ್ಚಿಗೆ ಅದು ಬೇಕಾಗಿಯೂ ಇಲ್ಲ.

ಬೇಳೆಯ ಆಯ್ಕೆಯೂ ಉಂಡೆಯ ಮೈಯನ್ನು ಬದಲಿಸುತ್ತದೆ. ಬರೀ ತೊಗರಿಬೇಳೆಯ ಉಂಡೆ ಮೃದು, ಸ್ವಲ್ಪ ಸಿಹಿ. ಕಡಲೆಬೇಳೆ ಸೇರಿದಷ್ಟೂ ಬಿಗಿ ಮತ್ತು ಒಣತನ ಹೆಚ್ಚುತ್ತವೆ. ಮೂರು ಪಾಲು ತೊಗರಿಗೆ ಒಂದು ಪಾಲು ಕಡಲೆಬೇಳೆ ಎಂಬ ಲೆಕ್ಕ ಹೆಚ್ಚಿನವರಿಗೆ ಹಿಡಿಸುತ್ತದೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ತೊಗರಿಯ ಕಣಜ ಅಲ್ಲಿದ್ದು, ಅದರಿಂದಾಗುವ ಈ ತಿಂಡಿಯ ತವರು ಮಾತ್ರ ಹಳೆಯ ಮೈಸೂರಿನ ಕಡೆಯಾಗಿರುವುದು ಒಂದು ಸೋಜಿಗ. ಚಳಿಗಾಲದಲ್ಲಿ ಅವರೆಕಾಯಿ ಬಂದಾಗ ಹಿತಕಿದ ಬೇಳೆಯಿಂದಲೂ ನುಚ್ಚಿನುಂಡೆ ಮಾಡುವುದುಂಟು. ಅದು ಹಸಿಕಾಳಾದ್ದರಿಂದ ನೆನೆಸುವ ಪ್ರಶ್ನೆಯಿಲ್ಲ. ತೇವ ಹೆಚ್ಚಿರುವುದರಿಂದ ಅಲ್ಲಿ ಮಾತ್ರ ಸ್ವಲ್ಪ ಅಕ್ಕಿತರಿಯನ್ನು ಸೇರಿಸುವುದಕ್ಕೆ ಅರ್ಥವಿದೆ.

ಒಂದು ಲೋಟ, ಅಂದರೆ ಸುಮಾರು 200 ಗ್ರಾಂ ಬೇಳೆಗೆ ಕಾಲು ಲೋಟ ತೆಂಗಿನತುರಿ, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು ಎರಡು ಹಿಡಿ, ಕೊತ್ತಂಬರಿ, ಕರಿಬೇವು, ಅರ್ಧ ಚಮಚ ಜೀರಿಗೆ, ಚಿಟಿಕೆ ಇಂಗು ಸಾಕಾಗುತ್ತವೆ. ಬೇಳೆಯ ತಿಂಡಿ ಹೊಟ್ಟೆಗೆ ಭಾರವಾಗದಿರಲಿ ಎಂದು ಶುಂಠಿ, ಇಂಗುಗಳನ್ನು ಸೇರಿಸುವುದು ರೂಢಿ. ಈರುಳ್ಳಿ ಹಾಕುವುದು ಬಿಡುವುದು ಮನೆಯ ಪದ್ಧತಿಗೆ ಬಿಟ್ಟದ್ದು; ಹಾಕುವುದಾದರೆ ಅದೂ ನೀರು ಬಿಡುವ ವಸ್ತುವೆಂಬುದನ್ನು ಮರೆಯಬಾರದು. ಸೊಪ್ಪನ್ನು ಹಿಂದಿನ ರಾತ್ರಿಯೇ ತೊಳೆದು ಆರಿಸಿಟ್ಟಿರಬೇಕು. ಆಗತಾನೆ ತೊಳೆದು, ನೀರು ತೊಟ್ಟಿಕ್ಕುವ ಸೊಪ್ಪನ್ನು ಹೆಚ್ಚಿ ಹಾಕಿದ ದಿನ ಉಂಡೆ ಬಿರಿಯುತ್ತದೆ, ಆರಿದ ಸೊಪ್ಪು ಹಾಕಿದ ದಿನ ಬಿರಿಯುವುದಿಲ್ಲ. ಅಳತೆ ಬದಲಾಗದೆ ಫಲ ಬದಲಾಗುವ ಗುಟ್ಟುಗಳಲ್ಲಿ ಇದೊಂದು. ಉಪ್ಪು ಸೊಪ್ಪಿನ ನೀರನ್ನು ಹೊರಗೆಳೆಯುವುದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ, ಹಬೆಯ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಬೆರೆಸಿ, ಕೂಡಲೇ ಉಂಡೆ ಕಟ್ಟಬೇಕು. ಉಪ್ಪು ಬೆರೆಸಿಟ್ಟು ಸ್ನಾನ ಮುಗಿಸಿ ಬರುವಷ್ಟರಲ್ಲಿ ಮಿಶ್ರಣ ಬೆವರಿರುತ್ತದೆ.

ಉಂಡೆ ಎಂದು ಕರೆದರೂ ಇದನ್ನು ಗುಂಡಗೆ ಕಟ್ಟುವವರು ಕಡಿಮೆ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದು ಒಮ್ಮೆ ಅಮುಕಿ ಉದ್ದುದ್ದವಾಗಿ, ಬೆರಳಿನ ಗುರುತು ಉಳಿಯುವಂತೆ ಬಿಡುವುದು ವಾಡಿಕೆ. ಇದು ಅಂದಕ್ಕಾಗಿ ಮಾಡಿದ್ದಲ್ಲ: ಗುಂಡಗಿನ ಉಂಡೆಗಿಂತ ಉದ್ದನೆಯದರಲ್ಲಿ ನಡುಭಾಗ ಹೊರಮೈಗೆ ಹತ್ತಿರವಿರುತ್ತದೆ, ಬೆರಳ ತಗ್ಗುಗಳಲ್ಲಿ ಹಬೆ ಇನ್ನಷ್ಟು ಒಳಗೆ ತಾಗುತ್ತದೆ. ನಯವಾಗಲೆಂದು ಅಂಗೈಗಳ ನಡುವೆ ಲಾಡಿನಂತೆ ಉರುಳಿಸಿ ಬಿಗಿಗೊಳಿಸಿದರೆ, ಅಷ್ಟು ಎಚ್ಚರದಿಂದ ಉಳಿಸಿಕೊಂಡ ಸಂದುಗಳನ್ನು ನಾವೇ ಮುಚ್ಚಿದಂತಾಗುತ್ತದೆ. ಮೇಲಿನ ಅಳತೆಗೆ ನಿಂಬೆಗಾತ್ರದ ಹದಿನೈದು ಹದಿನಾರು ಉಂಡೆಗಳಾಗುತ್ತವೆ.

ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಜೋಡಿಸಿ, ನೀರು ಚೆನ್ನಾಗಿ ಕುದಿಯುತ್ತಿರುವಾಗಲೇ ಒಳಗಿಡಬೇಕು. ತಣ್ಣೀರಿನ ಮೇಲಿಟ್ಟು ಒಲೆ ಹೊತ್ತಿಸಿದರೆ ಪ್ರೋಟೀನ್ ಹೆಪ್ಪುಗಟ್ಟುವ ಮೊದಲೇ ಉಂಡೆಯ ಮೈ ಒದ್ದೆಯಾಗಿ ಸಡಿಲವಾಗುತ್ತದೆ. ಕುಕ್ಕರಿನಲ್ಲಾದರೆ ವೆಯ್ಟ್ ಹಾಕಬಾರದು. ಮುಚ್ಚಳದಿಂದ ಹನಿ ಬೀಳುತ್ತಿದ್ದರೆ ತಟ್ಟೆಯ ಮೇಲೊಂದು ತೆಳುಬಟ್ಟೆ ಹರಡಬಹುದು. ಹನ್ನೆರಡರಿಂದ ಹದಿನೈದು ನಿಮಿಷಕ್ಕೆ ಹಸಿಬೇಳೆಯ ಹೊಳಪು ಹೋಗಿ ಬಣ್ಣ ಮಂಕಾಗುತ್ತದೆ. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟುವುದಿಲ್ಲ, ಚಾಕು ಚುಚ್ಚಿ ತೆಗೆದರೆ ಸ್ವಚ್ಛವಾಗಿ ಬರುತ್ತದೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿ ಮಾಡಿದವರೂ ಕೊನೆಯ ಐದು ನಿಮಿಷದಲ್ಲಿ ಸೋಲುವುದನ್ನು ನೋಡಿದ್ದೇನೆ. ಒಲೆಯಿಂದ ಇಳಿಸಿದ ಕ್ಷಣದಲ್ಲಿ ಪಿಷ್ಟ ಇನ್ನೂ ಮೆತ್ತಗಿರುತ್ತದೆ. ಆಗಲೇ ಚಮಚ ಹಾಕಿ ಎಬ್ಬಿಸಿದರೆ ಎಂಥ ಉಂಡೆಯೂ ಮುರಿಯುತ್ತದೆ. ಮುಚ್ಚಳ ತೆಗೆದು ಐದು ನಿಮಿಷ ಹಾಗೆಯೇ ಬಿಟ್ಟರೆ ಅದು ತಾನಾಗಿ ಬಿಗಿದುಕೊಳ್ಳುತ್ತದೆ. ಆದರೆ ಒಂದು ಗಂಟೆ ಬಿಟ್ಟರೆ ಅದೇ ಬಿಗಿತ ಅತಿಯಾಗುತ್ತದೆ, ತಣ್ಣಗಾದ ಪಿಷ್ಟದ ಗುಣವೇ ಅದು. ಪ್ರಶ್ನೆ ಕೇಳಿದವರ ಮನೆಯಲ್ಲಿ ಯಾರಾದರೂ ತಡವಾಗಿ ತಿಂಡಿಗೆ ಕೂರುವವರಿದ್ದರೆ, ಅವರಿಗೆ ಮಾತ್ರ ಉಂಡೆ ಕಲ್ಲಾಗಿ ಕಂಡಿರುವ ಸಾಧ್ಯತೆಯೂ ಇದೆ. ಮತ್ತೆ ಮೂರು ನಿಮಿಷ ಹಬೆ ತೋರಿಸಿದರೆ ಮೃದುವಾಗುತ್ತದೆ.

ಬಡಿಸುವಾಗ ಬಿಸಿ ಉಂಡೆಯನ್ನು ಮುರಿದು ಮೇಲೊಂದು ಚಮಚ ತುಪ್ಪ ಹಾಕಿ, ಪಕ್ಕಕ್ಕೆ ಕಾಯಿಚಟ್ನಿ ಇಟ್ಟರೆ ತಿಂಡಿಯಾಯಿತು. ತೆಂಗಿನಕಾಯಿ, ಹಸಿಮೆಣಸು ರುಬ್ಬಿ ಮೊಸರಿಗೆ ಬೆರೆಸಿದ ಹಸಿಮಜ್ಜಿಗೆಯೂ ಚೆನ್ನಾಗಿ ಹೊಂದುತ್ತದೆ. ಬೇಳೆಯ ಒಣತನಕ್ಕೆ ಹುಳಿಮಜ್ಜಿಗೆಗಿಂತ ಒಳ್ಳೆಯ ಜೊತೆ ಇಲ್ಲವೆಂದೇ ಮಜ್ಜಿಗೆಹುಳಿ, ನುಚ್ಚಿನುಂಡೆಗಳು ಊಟದಲ್ಲಿಯೂ ಜೋಡಿಯಾಗಿ ಬರುತ್ತವೆ. ಇದೇ ಬೇಳೆಯ ಉಂಡೆಗಳನ್ನು ಕುದಿಯುವ ಮಜ್ಜಿಗೆಹುಳಿಗೇ ಬಿಟ್ಟು ಬೇಯಿಸುವ ಉಂಡೆ ಮಜ್ಜಿಗೆಹುಳಿ ನಮ್ಮಲ್ಲಿದೆ, ಕುಳಂಬಿಗೆ ಬಿಡುವ ಪರುಪ್ಪು ಉರುಂಡೈ ತಮಿಳರಲ್ಲಿದೆ. ಅಲ್ಲಿ ನುಣುಪಿನ ಪಾಲು ಹೆಚ್ಚಿರಬೇಕು. ತಿಂಡಿಯ ನುಚ್ಚನ್ನು ಹಾಗೆಯೇ ಹುಳಿಗೆ ಬಿಟ್ಟರೆ ಕರಗಿಹೋದೀತು. ಮೊದಲು ಒಂದೇ ಉಂಡೆ ಬಿಟ್ಟು ನೋಡಿ, ಅದು ನಿಂತ ಮೇಲೆ ಉಳಿದವನ್ನು ಬಿಡುವುದು ಕ್ಷೇಮ.

ಇಷ್ಟಾಗಿಯೂ ಯಾವುದೋ ಒಂದು ಬೆಳಿಗ್ಗೆ ಉಂಡೆ ಪುಡಿಯಾದರೆ ಅದನ್ನು ಎಸೆಯಬೇಕಿಲ್ಲ. ಬೆಂದ ನುಚ್ಚನ್ನು ಪೂರ್ತಿ ಉದುರಿಸಿ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಗೆ ಹಾಕಿ, ಬೇಯಿಸಿದ ಹುರುಳಿಕಾಯಿ ಅಥವಾ ಗೋರಿಕಾಯಿಯೊಡನೆ ಬಾಡಿಸಿದರೆ ಮಧ್ಯಾಹ್ನದ ಸಾರಿಗೆ ಪಲ್ಯ ಸಿದ್ಧವಾಗಿರುತ್ತದೆ. ಅದಕ್ಕೆಂದೇ ಬೇಳೆಯನ್ನು ಹಬೆಯಲ್ಲಿ ಬೇಯಿಸಿ ಉದುರಿಸುವ ಮನೆಗಳೂ ಇವೆ.