ನಕ್ಷತ್ರವನ್ನು ತೂಗಲು ಜೋಡಿ ಬೇಕು

ನವೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ವಿಜಯಪುರದ ಊರಾಚೆ, ಹಿಂಗಾರಿ ಜೋಳದ ಹೊಲಗಳ ಬಳಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ತಿಮಿಂಗಿಲ ಪುಂಜದ ಟೌ ಸೀಟಿ ನಕ್ಷತ್ರ ಬರಿಗಣ್ಣಿಗೇ ಕಾಣುತ್ತದೆ. ಅದು ನಮ್ಮಿಂದ ಸುಮಾರು 12 ಜ್ಯೋತಿರ್ವರ್ಷ ದೂರ. ಅದಕ್ಕಿಂತ ಎರಡು ಡಿಗ್ರಿ ಕೆಳಗೆ, ಕೇವಲ 8.7 ಜ್ಯೋತಿರ್ವರ್ಷ ದೂರದಲ್ಲಿ, ಎರಡು ಕೆಂಪು ಕುಬ್ಜಗಳು, ಅಂದರೆ ಸೂರ್ಯನಿಗಿಂತ ಚಿಕ್ಕದಾದ, ತಣ್ಣಗಿನ ಮಸುಕು ನಕ್ಷತ್ರಗಳು, ಒಂದನ್ನೊಂದು ಸುತ್ತುತ್ತಿವೆ. ಲೂಟನ್ 726-8 ಎಂಬುದು ಈ ಜೋಡಿಯ ಹೆಸರು. ಅದೇ ಹೊತ್ತಿಗೆ ಪೂರ್ವದಲ್ಲಿ ಮೂಡುವ ಲುಬ್ಧಕವೂ ಹೆಚ್ಚುಕಡಿಮೆ ಇಷ್ಟೇ ದೂರದಲ್ಲಿದೆ. ಅದು ರಾತ್ರಿಯಾಕಾಶದ ಅತ್ಯಂತ ಪ್ರಕಾಶಮಾನ ನಕ್ಷತ್ರ. ಆದರೆ ಈ ಕುಬ್ಜ ಜೋಡಿಯನ್ನು ನೋಡಲು ಎಂಟು ಇಂಚಿನ ದೂರದರ್ಶಕ ಬೇಕು, ಆಗಲೂ ಕಾಣುವುದು ಮಸುಕಾದ ಒಂದು ಚುಕ್ಕೆ.

ಇಷ್ಟು ಮಸುಕಾದುದನ್ನು ಏಕೆ ತೋರಿಸುತ್ತೀರಿ ಸರ್ ಎಂದು ಭೌತವಿಜ್ಞಾನ ತರಗತಿಯ ಮಕ್ಕಳು ಕೇಳುತ್ತಾರೆ. ಅದನ್ನು ನೀವೇ ತೂಗಬಹುದು, ಅದಕ್ಕೆ ಎನ್ನುತ್ತೇನೆ. ಒಂಟಿ ನಕ್ಷತ್ರದ ದ್ರವ್ಯರಾಶಿಯನ್ನು ಸಾಮಾನ್ಯವಾಗಿ ಅದರ ಬೆಳಕಿನಿಂದ ಅಂದಾಜು ಮಾಡಬೇಕು. ಜೋಡಿಯಿದ್ದರೆ ಗುರುತ್ವವೇ ಲೆಕ್ಕ ಕೊಡುತ್ತದೆ. ಇವು ಒಂದು ಸುತ್ತು ಮುಗಿಸಲು 26.5 ವರ್ಷ ಬೇಕು. ಅವುಗಳ ನಡುವಿನ ಸರಾಸರಿ ಅಂತರ ಸೂರ್ಯ-ಭೂಮಿ ಅಂತರದ ಸುಮಾರು 5.5 ಪಟ್ಟು. ಕೆಪ್ಲರ್‌ನ ಮೂರನೇ ನಿಯಮದಂತೆ 5.5ರ ಘನವನ್ನು 26.5ರ ವರ್ಗದಿಂದ ಭಾಗಿಸಿ: 166 ಭಾಗಿಸು 702, ಅಂದರೆ ಸೂರ್ಯನ ದ್ರವ್ಯರಾಶಿಯ 0.24 ಪಟ್ಟು. ಎರಡೂ ಸೇರಿ ಸೂರ್ಯನ ಕಾಲು ಭಾಗವೂ ಇಲ್ಲ. ತಲಾ ಎಂಟನೇ ಒಂದು ಭಾಗ. ಸೂರ್ಯನ 0.08 ಪಟ್ಟಿಗಿಂತ ಕೆಳಗಿಳಿದರೆ ನಕ್ಷತ್ರವನ್ನು ಬೆಳಗಿಸುವ ಹೈಡ್ರೋಜನ್ ಸಮ್ಮಿಲನ ಸ್ಥಿರವಾಗಿ ನಡೆಯುವುದೇ ಇಲ್ಲ ಎಂಬುದನ್ನು ನೆನೆದರೆ, ಇವು ನಕ್ಷತ್ರ ಎನಿಸಿಕೊಳ್ಳುವ ಗಡಿಗೆ ಎಷ್ಟು ಹತ್ತಿರ ಎಂಬುದು ತಿಳಿಯುತ್ತದೆ. ಕಪ್ಪುಹಲಗೆಯ ಮೇಲೆ ಎರಡು ಸಾಲಿನಲ್ಲಿ ಮುಗಿಯುವ ಈ ಲೆಕ್ಕಕ್ಕಿಂತ ಸುಂದರವಾದ ಪಾಠ ನನ್ನ ವಿಷಯದಲ್ಲಿ ಕಡಿಮೆ.

ಈ ಜೋಡಿಯಲ್ಲಿ ಹೆಚ್ಚು ಮಸುಕಾದದ್ದು ಯುವಿ ಸೀಟಿ. 1952ರಲ್ಲಿ ಅದು ಇಪ್ಪತ್ತೇ ಸೆಕೆಂಡಿನಲ್ಲಿ 75 ಪಟ್ಟು ಪ್ರಕಾಶಮಾನವಾಗಿ ಭುಗಿಲೆದ್ದಿತು. ಹೀಗೆ ಹಠಾತ್ತನೆ ಉರಿದೇಳುವ ಒಂದು ಬಗೆಯ ನಕ್ಷತ್ರಗಳಿಗೆ ಇಂದು ಇದರದೇ ಹೆಸರು. ಒಳಗಿನ ಅನಿಲ ಕೇಂದ್ರದಿಂದ ಮೇಲ್ಮೈವರೆಗೂ ಕುದಿಯುತ್ತ ಹೊರಳುತ್ತದೆ, ಜೊತೆಗೆ ನಕ್ಷತ್ರ ಆರು ತಾಸಿನೊಳಗೆ ತನ್ನ ಸುತ್ತ ಒಮ್ಮೆ ತಿರುಗುತ್ತದೆ. ಇವೆರಡರಿಂದ ಬಲವಾದ ಕಾಂತಕ್ಷೇತ್ರ ಹುಟ್ಟುತ್ತದೆ. ಅದರ ರೇಖೆಗಳು ತುಂಡಾಗಿ ಮರುಜೋಡಣೆಯಾದಾಗ ಭುಗಿಲು. ಜೊತೆಗಾರ ಬಿಎಲ್ ಸೀಟಿಯ ತೂಕವೂ ತಿರುಗುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಆದರೂ ಉಗ್ರತೆಯಲ್ಲಿ ಯುವಿ ಸೀಟಿಯೇ ಮುಂದು. ಅದರ ಕಾಂತಕ್ಷೇತ್ರ ಹೆಚ್ಚು ಬಲವಾದದ್ದು, ದಂಡಕಾಂತದಂತೆ ಸರಳ ವಿನ್ಯಾಸದ್ದು, ಜೊತೆಗಾರನದು ಗೋಜಲು.