ಡಬ್ಬಿಯ ಮೇಲಿನ ಒಣದ್ರಾಕ್ಷಿ ನನ್ನ ಪೈಪಿನಲ್ಲಿ ಏಕಿಲ್ಲ?

ಪ್ರಶ್ನೆ: ಹೊರದೇಶದಿಂದ ಬಂದ ಗೆಳೆಯರೊಬ್ಬರು ಒಂದು ಪೈಪ್ ಮತ್ತು ಮೂರು ಡಬ್ಬಿ ತಂಬಾಕು ತಂದುಕೊಟ್ಟರು. ಒಂದರ ಮೇಲೆ ಒಣಹುಲ್ಲು, ಜೇನು ಎಂದಿದೆ. ಇನ್ನೊಂದರ ಮೇಲೆ ಒಣದ್ರಾಕ್ಷಿ, ಕಾಳುಮೆಣಸು. ಮೂರನೆಯದರ ಮೇಲೆ ಸೌದೆ ಹೊಗೆ, ಚರ್ಮ. ನನಗೆ ಮೂರರಲ್ಲೂ ಸಿಕ್ಕಿದ್ದು ಬಿಸಿ ಹೊಗೆ ಮತ್ತು ಉರಿಯುವ ನಾಲಿಗೆ. ಈ ರುಚಿಗಳು ನಿಜವಾಗಿಯೂ ಇವೆಯೇ, ಅಥವಾ ಮಾರುವವರ ಕವಿತ್ವವೇ?
(ಕುಮಟಾದ ಓದುಗರೊಬ್ಬರು)

ಉತ್ತರ: ಇವೆ. ಕವಿತ್ವವೂ ಸ್ವಲ್ಪ ಇದೆ. ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಅನೇಕರು ಕೇಳಿದ್ದಾರೆ, ಕೇಳಿದವರಲ್ಲಿ ಹೆಚ್ಚಿನವರು ಮಳೆಗಾಲದಲ್ಲಿಯೇ ಕೇಳಿದ್ದಾರೆ. ಅದಕ್ಕೊಂದು ಕಾರಣವಿದೆ, ಮುಂದೆ ಬರುತ್ತದೆ.

ಪೈಪನ್ನು ಬದಿಗಿಟ್ಟು ಮೊದಲು ಒಂದು ಅಪ್ಪೆಮಿಡಿ ಉಪ್ಪಿನಕಾಯಿ ತೆಗೆದುಕೊಳ್ಳಿ. ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಮುಚ್ಚಿ ಮಿಡಿಯನ್ನು ಕಚ್ಚಿ. ಹುಳಿ ಗೊತ್ತಾಗುತ್ತದೆ, ಉಪ್ಪು ಗೊತ್ತಾಗುತ್ತದೆ, ಖಾರ ಚುರುಕ್ಕೆನ್ನುತ್ತದೆ. ಅಷ್ಟೇ. ಈಗ ಮೂಗು ಬಿಡಿ. ಅಪ್ಪೆಯ ಕಂಪು ಎಲ್ಲಿತ್ತೋ ಎಂಬಂತೆ ಒಮ್ಮೆಲೇ ಬರುತ್ತದೆ. ಇದು ಜೀರಿಗೆ ವಾಸನೆಯ ಮಿಡಿಯೋ ಕರ್ಪೂರದ ವಾಸನೆಯದ್ದೋ ಎಂದು ಸಿರ್ಸಿ ಕಡೆಯ ಅಜ್ಜಿಯರು ಹೇಳುವುದು ನಾಲಿಗೆಯಿಂದಲ್ಲ, ಗಂಟಲ ಹಿಂಬದಿಯಿಂದ ಮೂಗಿಗೆ ಏರುವ ಗಾಳಿಯಿಂದ. ತಂಬಾಕಿನ ರುಚಿ ಎನ್ನುವುದೂ ಇದೇ ದಾರಿಯದ್ದು. ನಾಲಿಗೆಗೆ ತಿಳಿಯುವುದು ಸ್ವಲ್ಪ ಸಿಹಿ, ಸ್ವಲ್ಪ ಕಹಿ, ಹೆಚ್ಚೆಂದರೆ ಒಂದಿಷ್ಟು ಹುಳಿ. ಒಣದ್ರಾಕ್ಷಿ, ಹುಲ್ಲು, ಚರ್ಮ ಎಲ್ಲವೂ ಮೂಗಿನ ಲೆಕ್ಕಕ್ಕೆ ಸೇರಿದವು. ನಾಲಿಗೆ ಸುಟ್ಟುಕೊಂಡವರಿಗೆ ಮೂಗಿನ ಕಡೆ ಗಮನ ಹೋಗುವುದಿಲ್ಲ. ನಿಮಗೆ ಆಗಿರುವುದು ಅದೇ.

ಡಬ್ಬಿಯೊಳಗಿನ ಸೊಪ್ಪಿಗೆ ಈ ವಾಸನೆಗಳು ಬಂದದ್ದು ಎಲ್ಲಿಂದ? ಅಡಿಕೆ ಬೆಳೆಯುವ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಒಂದೇ ಮರದ ಕಾಯಿ. ಹಣ್ಣಾಗಲು ಬಿಟ್ಟು ಸಿಪ್ಪೆಸಮೇತ ಬಿಸಿಲಿನಲ್ಲಿ ಒಣಗಿಸಿದರೆ ಚಾಲಿ. ಹಸಿಯಾಗಿದ್ದಾಗಲೇ ಸುಲಿದು, ಬೇಯಿಸಿ, ಚೊಗರು ಎಂಬ ಅಡಿಕೆಯ ಕಂದು ರಸ ಕೊಟ್ಟು ಒಣಗಿಸಿದರೆ ಕೆಂಪಡಿಕೆ. ಬಾಯಿಗೆ ಹಾಕಿದರೆ ಎರಡಕ್ಕೂ ಸಂಬಂಧವೇ ಇಲ್ಲ. ತಂಬಾಕೂ ಹಾಗೆಯೇ. ತಳಿಯ ಪಾತ್ರ ಇಲ್ಲವೆಂದಲ್ಲ, ಆದರೆ ಒಣಗಿಸುವ ಹದವೇ ಮುಕ್ಕಾಲು ಪಾಲು ರುಚಿಯನ್ನು ತೀರ್ಮಾನಿಸುತ್ತದೆ.

ನಿಮ್ಮ ಮೊದಲ ಡಬ್ಬಿ, ಒಣಹುಲ್ಲು ಮತ್ತು ಜೇನಿನದು, ವರ್ಜೀನಿಯಾ ತಂಬಾಕಿನದು. ಹೆಸರು ಅಮೆರಿಕದ್ದಾದರೂ ಸೊಪ್ಪು ನಮಗೆ ಅಪರಿಚಿತವಲ್ಲ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಲಹೊಲಗಳಲ್ಲಿ ಕಾಣುವ ಹೊಗೆಸೊಪ್ಪು ಈ ಜಾತಿಯದೇ. ಹಸಿ ಎಲೆಗಳನ್ನು ಕೋಲಿಗೆ ಕಟ್ಟಿ ಬ್ಯಾರನ್ ಎಂಬ ಮುಚ್ಚಿದ ಮನೆಯಲ್ಲಿ ತೂಗುಹಾಕುತ್ತಾರೆ. ಬೆಂಕಿ ಹೊರಗೆ, ಬಿಸಿ ಮಾತ್ರ ಕೊಳವೆಯಲ್ಲಿ ಒಳಗೆ, ಹೊಗೆ ಎಲೆಗೆ ತಾಗುವಂತಿಲ್ಲ. ಮೊದಲು ಹದವಾದ ಶಾಖದಲ್ಲಿ ಎಲೆ ಹಳದಿಯಾಗುತ್ತದೆ, ಆಗ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಎಲೆ ಆ ಸಕ್ಕರೆಯನ್ನು ತಾನೇ ಉಸಿರಾಡಿ ಮುಗಿಸುವ ಮೊದಲೇ ಶಾಖ ಏರಿಸಿ ಒಣಗಿಸಿಬಿಡುತ್ತಾರೆ. ವಾರದೊಳಗೆ ಎಲ್ಲ ಮುಗಿಯುತ್ತದೆ. ಒಣ ಎಲೆಯ ತೂಕದಲ್ಲಿ ನೂರಕ್ಕೆ 10ರಿಂದ 25ರಷ್ಟು ಸಕ್ಕರೆಯೇ ಇರಬಹುದು. ಜೇನು ಎಂದು ಬರೆದವರು ಸುಳ್ಳು ಹೇಳಿಲ್ಲ. ಏರುಶಾಖದಲ್ಲಿ ಎಲೆಗೆ ಬಂಗಾರದ ಬಣ್ಣ ತರುವ ವಿಧಾನ ಹುಟ್ಟಿದ್ದು 1839ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ. ಸ್ಟೀಫನ್ ಎಂಬ ಗುಲಾಮ ಯುವಕ ರಾತ್ರಿ ಬೆಂಕಿ ಕಾಯುತ್ತಾ ನಿದ್ದೆಹೋಗಿ, ಎದ್ದಾಗ ಆರಿಹೋಗುತ್ತಿದ್ದ ಬೆಂಕಿಗೆ ಗಾಬರಿಯಿಂದ ಇದ್ದಿಲು ಸುರಿದನಂತೆ. ಆ ಏಕಾಏಕಿ ಶಾಖಕ್ಕೆ ಎಲೆ ಬಂಗಾರದ ಬಣ್ಣಕ್ಕೆ ತಿರುಗಿತು. ದುಡ್ಡು ಮಾಡಿದವರು ಬೇರೆಯವರು.

ಅದೇ ಎಲೆಯನ್ನು ಬೆಂಕಿಯಿಲ್ಲದೆ ಗಾಳಿಯಾಡುವ ಚಪ್ಪರದಲ್ಲಿ ಎರಡು ತಿಂಗಳು ನೇತುಹಾಕಿದರೆ ಸಕ್ಕರೆಯೆಲ್ಲ ಕರಗಿಹೋಗುತ್ತದೆ. ಬರ್ಲಿ ಎಂಬ ತಂಬಾಕಿನದು ಈ ದಾರಿ. ಶೇಂಗಾ ಹುರಿದಂತೆ, ಕೋಕೋ ಪುಡಿಯಂತೆ ಒಣ ಒಣ ರುಚಿ. ಸ್ಪಂಜಿನಂತೆ ಏನನ್ನು ಹಾಕಿದರೂ ಹೀರಿಕೊಳ್ಳುತ್ತದೆಯಾದ್ದರಿಂದ ವೆನಿಲ್ಲಾ, ಚೆರಿ, ರಮ್ ಬೆರೆಸುವವರಿಗೆ ಇದು ಅಚ್ಚುಮೆಚ್ಚು. ಅಂಥ ಪರಿಮಳದ ತಂಬಾಕು ನಿಮ್ಮ ಮೂರರಲ್ಲಿ ಇಲ್ಲದಿರುವುದು ಒಳ್ಳೆಯದೇ ಆಯಿತು ಎನ್ನುತ್ತೇನೆ. ಡಬ್ಬಿ ತೆರೆದಾಗ ಬೇಕರಿಯ ವಾಸನೆ, ಪಕ್ಕದಲ್ಲಿ ಕುಳಿತವರಿಗೆ ಕೇಕಿನ ವಾಸನೆ, ಸೇದುವವನ ಬಾಯಿಗೆ ಮಾತ್ರ ಬಿಸಿ ಗಾಳಿ. ಡಬ್ಬಿಯ ವಾಸನೆ, ಬಾಯಿಯ ರುಚಿ, ಕೋಣೆಯಲ್ಲಿ ನಿಲ್ಲುವ ವಾಸನೆ, ಈ ಮೂರೂ ಬೇರೆ ಬೇರೆ ಎಂಬುದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ.

ಎರಡನೆಯ ಡಬ್ಬಿಯ ಒಣದ್ರಾಕ್ಷಿ, ಕಾಳುಮೆಣಸು ಪೆರೀಕ್ ಎಂಬ ಸೊಪ್ಪಿನದು. ಅಮೆರಿಕದ ಲೂಸಿಯಾನಾದ ಸೇಂಟ್ ಜೇಮ್ಸ್ ಎಂಬ ಸಣ್ಣ ಸೀಮೆ ಇದರ ತವರು. ಎಲೆಗಳನ್ನು ಮರದ ಪೀಪಾಯಿಗೆ ತುಂಬಿ, ಮೇಲೆ ಭಾರ ಹೇರಿ ಅದುಮಿ, ತನ್ನದೇ ರಸದಲ್ಲಿ ಸುಮಾರು ಒಂದು ವರ್ಷ ಹುಳಿಯಲು ಬಿಡುತ್ತಾರೆ. ನಡುವೆ ಕೆಲವು ಸಲ ಹೊರತೆಗೆದು ಗಾಳಿಯಾಡಿಸಿ ಮತ್ತೆ ತುಂಬುತ್ತಾರೆ. ನಾವು ಮಿಡಿಗೆ ಉಪ್ಪು ಹಾಕಿ ಕಲ್ಲು ಹೇರಿ ಇಡುವುದನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಬರೀ ಪೆರೀಕ್ ಸೇದುವವರು ಅಪರೂಪ. ವರ್ಜೀನಿಯಾಕ್ಕೆ ಇದು ಒಗ್ಗರಣೆ.

ಮೂರನೆಯದು ಲಟಾಕಿಯಾ, ನಮ್ಮ ಘಟ್ಟದ ಜನ ಕಣ್ಣುಮುಚ್ಚಿ ಗುರುತಿಸಬೇಕಾದ ವಾಸನೆ. ಹೆಸರು ಸಿರಿಯಾದ ಬಂದರಿನದು. ಇಂದಿನ ಮಾಲು ಹೆಚ್ಚಾಗಿ ಸೈಪ್ರಸ್ ದ್ವೀಪದ ಶೈಲಿಯದು. ಬಿಸಿಲಿನಲ್ಲಿ ಒಣಗಿದ ಸಣ್ಣ ಎಲೆಗಳನ್ನು ಪರಿಮಳದ ಪೊದೆ, ದೇವದಾರು ಜಾತಿಯ ಕಟ್ಟಿಗೆಗಳ ಮಂದ ಬೆಂಕಿಯ ಮೇಲೆ ದಿನಗಟ್ಟಲೆ ಹೊಗೆಯಲ್ಲಿ ಇಡುತ್ತಾರೆ. ಎಲೆ ಇದ್ದಿಲಿನಂತೆ ಕಪ್ಪಾಗುತ್ತದೆ. ನಾನು ಮೊದಲ ಸಲ ಲಟಾಕಿಯಾದ ಡಬ್ಬಿ ತೆರೆದಾಗ ನೆನಪಾಗಿದ್ದು ಸಿರ್ಸಿಯ ಮನೆಯ ಆಷಾಢದ ಅಡುಗೆಮನೆ. ಕಾಡಿನಿಂದ ತಂದ ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ಬಿಸಿಲಿಲ್ಲದೆ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಕಪ್ಪಾಗುತ್ತಿತ್ತು. ಅದೇ ಹುಳಿ, ಅದೇ ಸೌದೆ, ಅದೇ ಒದ್ದೆ ಕಂಬಳಿ. ಡಬ್ಬಿಯ ಮೇಲೆ ಚರ್ಮ ಎಂದು ಬರೆದವರಿಗೆ ಉಪ್ಪಾಗೆ ಗೊತ್ತಿರಲಿಲ್ಲ, ಅಷ್ಟೇ. ನಿಮಗೆ ಸಿಗುವ ರುಚಿಗೆ ನಿಮ್ಮದೇ ಹೆಸರಿಡಿ ಎಂದು ನಾನು ಹೇಳುವುದು ಇದಕ್ಕೇ. ಕಾಣದ ಅಂಜೂರವನ್ನು ಹೊಗೆಯಲ್ಲಿ ಹುಡುಕುವುದಕ್ಕಿಂತ ಕಂಡ ಮುರುಗಲು, ಜೋನಿಬೆಲ್ಲ, ಬಾಣಂತಿ ಕೋಣೆಯ ಧೂಪ ಬೇಗ ಕೈಗೆ ಸಿಗುತ್ತವೆ.

ಇನ್ನು ನಾಲಿಗೆಯ ಉರಿ. ನನ್ನ ಸೋದರಮಾವ ವ್ಯಾಪಾರಿ ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದವರು. ನಿವೃತ್ತರಾಗಿ ಕಾರವಾರದ ಕೋಡಿಬಾಗದಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರ ಪೈಪಿನ ಶಾಸ್ತ್ರವೆಲ್ಲ ಒಂದು ಊಟದ ತಟ್ಟೆಯಲ್ಲಿತ್ತು. ಮಧ್ಯಾಹ್ನವೇ ಸಂಜೆಗೆ ಬೇಕಾದಷ್ಟು ತಂಬಾಕನ್ನು ಸ್ಟೀಲ್ ತಟ್ಟೆಯಲ್ಲಿ ಹರವಿ, ಮಳೆಗಾಲವಾದರೆ ಅಡುಗೆಮನೆಯ ಕಟ್ಟೆಯ ಮೇಲೆ ಒಲೆಯಿಂದ ಎರಡು ಮಾರು ದೂರ ಇಡುತ್ತಿದ್ದರು. ಗಂಟೆಗೊಮ್ಮೆ ಬಂದು ಒಂದು ಚಿಟಿಕೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಬಿಡುವರು. ಒತ್ತಿದ್ದು ಮುದ್ದೆಯಾಗಿಯೇ ಉಳಿದರೆ ತಲೆಯಾಡಿಸಿ ಹೊರಟುಹೋಗುವರು. ಪುಡಿಯಾದರೆ ಹಾಳು. ಒತ್ತಿದ ಎಳೆಗಳು ನಿಧಾನವಾಗಿ ಬಿಚ್ಚಿಕೊಂಡರೆ, "ತಮ್ಮಾ, ಈಗ ಇದಕ್ಕೆ ಮಾತು ಬಂತು" ಎನ್ನುವರು.

ತಟ್ಟೆಯ ಹಿಂದೆ ಗಟ್ಟಿ ಕಾರಣವಿದೆ. ಡಬ್ಬಿಯ ತಂಬಾಕು ಬಹುಪಾಲು ಸೇದುವ ಹದಕ್ಕಿಂತ ಹೆಚ್ಚು ತೇವವಾಗಿಯೇ ಬರುತ್ತದೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಗಾಳಿ. ಬೆಂಕಿಪೆಟ್ಟಿಗೆಯ ಕಡ್ಡಿಯೇ ಹತ್ತದ ದಿನಗಳಲ್ಲಿ ತಂಬಾಕು ಹೇಗೆ ಹತ್ತೀತು? ಒದ್ದೆ ಎಲೆ ಆರುತ್ತದೆ, ಆರದಿರಲೆಂದು ನೀವು ಬಲವಾಗಿ ಎಳೆಯುತ್ತೀರಿ, ಎಳೆದಾಗ ಬೆಂಕಿ ಕೆರಳುತ್ತದೆ, ಎಲೆಯ ನೀರು ಹಬೆಯಾಗಿ ನೇರ ನಾಲಿಗೆಯ ಮೇಲೆ ಬೀಳುತ್ತದೆ. ನಿಮ್ಮ ನಾಲಿಗೆ ಸುಟ್ಟದ್ದು ಹೆಚ್ಚಾಗಿ ಹಬೆಯಿಂದಲೇ. ಮಳೆಗಾಲದಲ್ಲಿ ಈ ಪ್ರಶ್ನೆ ಹೆಚ್ಚಾಗಲು ಕಾರಣವೂ ಇದೇ.

ತುಂಬುವುದಕ್ಕೆ ಹಳಬರು ಹೇಳುವ ಲೆಕ್ಕ ಸರಿಯಾಗಿದೆ: ಮೂರು ಚಿಟಿಕೆ, ಮೊದಲನೆಯದನ್ನು ಮಗುವಿನ ಕೈಯಿಂದ ಒತ್ತಿದಂತೆ, ಎರಡನೆಯದನ್ನು ಹೆಂಗಸಿನ ಕೈಯಂತೆ, ಮೂರನೆಯದನ್ನು ಗಂಡಸಿನ ಕೈಯಂತೆ. ಹೆಂಗಸಿನ ಕೈಗೆ ಬಲ ಕಡಿಮೆ ಎಂದವರು ನಮ್ಮ ಕಡೆ ತೆಂಗಿನಕಾಯಿ ಸುಲಿಯುವವರನ್ನು ನೋಡಿಲ್ಲ, ಇರಲಿ. ಮೊದಲ ಕಡ್ಡಿಯನ್ನು ಮೇಲ್ಮೈ ಕಪ್ಪಾಗುವಷ್ಟಕ್ಕೆ ಮಾತ್ರ ಬಳಸಿ. ಉಬ್ಬಿ ಬಂದ ಎಳೆಗಳನ್ನು ಮೆಲ್ಲಗೆ ಒತ್ತಿ, ಎರಡನೆಯ ಕಡ್ಡಿಯಲ್ಲಿ ಹೊತ್ತಿಸಿ. ಅಲ್ಲಿಂದ ಮುಂದೆ ಸುಡು ಸುಡು ಕಷಾಯವನ್ನು ಲೋಟದ ಅಂಚಿನಿಂದ ಹೀರುತ್ತೀರಲ್ಲ, ಅದೇ ವೇಗ. ಪೈಪಿನ ಬಟ್ಟಲನ್ನು ಕೆನ್ನೆಗೆ ತಾಗಿಸಿ ನೋಡಿ. ತಾಳಲಾರದಷ್ಟು ಬಿಸಿಯಿದ್ದರೆ ಕೆಳಗಿಡಿ. ಆರಿದರೆ ಆರಲಿ, ಮತ್ತೆ ಹೊತ್ತಿಸುವುದರಲ್ಲಿ ಮಾನ ಹೋಗುವುದೇನಿಲ್ಲ. ಮಧ್ಯಮ ಗಾತ್ರದ ಒಂದು ಪೈಪ್ ಮುಕ್ಕಾಲು ಗಂಟೆ ನಡೆಯಬೇಕು, ಹದಿನೈದು ನಿಮಿಷದಲ್ಲಿ ಮುಗಿದರೆ ಅದು ರುಚಿ ನೋಡಿದ್ದಲ್ಲ.

ಹೊಗೆಯನ್ನು ಎದೆಗೆ ಎಳೆಯಬಾರದು. ಬಾಯಿಯಲ್ಲಿ ಒಂದು ಕ್ಷಣ ನಿಲ್ಲಿಸಿ ಹೊರಬಿಡಿ. ನಾಲ್ಕೈದು ಸಲಕ್ಕೊಮ್ಮೆ ಅದರಲ್ಲಿ ಸ್ವಲ್ಪವನ್ನು ಮೂಗಿನಿಂದ ಬಿಡಿ. ಒಣದ್ರಾಕ್ಷಿ ಇರುವುದಾದರೆ ಅಲ್ಲಿದೆ. ಪೆರೀಕ್ ಇದ್ದರೆ ಮೂಗಿನೊಳಗೆ ಮೆಣಸು ಅರೆದಂತೆ ಚುಚ್ಚುತ್ತದೆ, ಬಹಳ ಬಿಡಬೇಡಿ. ಬಟ್ಟಲಿನ ಮೇಲಿನ ಭಾಗ, ನಡುವಿನ ಭಾಗ, ತಳ, ಮೂರರಲ್ಲೂ ರುಚಿ ಬೇರೆ. ತಳದಲ್ಲಿ ತೇವವೂ ಜಿಗುಟೂ ಇಳಿದು ಕಹಿಯಾಗುತ್ತದೆ, ಅದನ್ನು ಚೆಲ್ಲುವುದೇ ಸರಿ. ಜಿಪುಣತನ ಇಲ್ಲಿ ನಡೆಯುವುದಿಲ್ಲ.

ಮೂರನ್ನೂ ಹೋಲಿಸುವ ಆಸೆಯಿದ್ದರೆ ಒಂದೇ ದಿನ ಬೇಡ, ಲಟಾಕಿಯಾ ಕೊನೆಗಿರಲಿ. ಅದಕ್ಕೆ ಬೇರೆಯೇ ಪೈಪ್ ಇದ್ದರೆ ಉತ್ತಮ. ಬಂಗಡೆ ಬೇಯಿಸಿದ ಮಡಕೆಯಲ್ಲಿ ಪಾಯಸ ಮಾಡಿದರೆ ಏನಾಗುತ್ತದೋ ಲಟಾಕಿಯಾದ ಪೈಪಿಗೆ ವರ್ಜೀನಿಯಾ ತುಂಬಿದರೆ ಅದೇ ಆಗುತ್ತದೆ. ಎರಡನೆಯ ಪೈಪಿಗೆ ಹಣ ಸುರಿಯಬೇಕಿಲ್ಲ. ಜೋಳದ ದಿಂಡಿನ ಪೈಪ್ ಸಾಕು. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಅದನ್ನು ಮಾಡುತ್ತಿದ್ದಾರೆ, ಹಗುರ, ಅಗ್ಗ, ತೇವವನ್ನೂ ಹೀರುತ್ತದೆ.

ಪೈಪ್ ನಮ್ಮದಲ್ಲದ ಚಟ ಎಂದು ಕೆಲವರು ಮೂಗು ಮುರಿಯುತ್ತಾರೆ. ಅವರಿಗೊಂದು ಕತೆ. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ತಂಬಾಕನ್ನು ಮೊದಲು ಕಂಡದ್ದು ನಮ್ಮ ವಿಜಯಪುರದಲ್ಲಿ. ಸೊಪ್ಪನ್ನೂ ರತ್ನ ಕೂರಿಸಿದ ಕೊಳವೆಯನ್ನೂ ಅವನು ಆಗ್ರಾಕ್ಕೆ ಒಯ್ದು ಒಪ್ಪಿಸಿದ. ಬಾದಶಹ ಒಂದೆರಡು ಸಲ ಎಳೆದ, ಆಸ್ಥಾನದ ವೈದ್ಯ ಬೇಡವೆಂದ.

ವೈದ್ಯರ ಮಾತು ಬಂತು. ಎದೆಗೆ ಎಳೆಯದ ಕಾರಣ ಪೈಪಿನಿಂದ ಅಪಾಯವಿಲ್ಲ ಎಂದು ನಿಮ್ಮ ಗೆಳೆಯರು ಹೇಳಿರಬಹುದು, ನಂಬಬೇಡಿ. ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ಬಾಯಿ ಮತ್ತು ಗಂಟಲಿನ ಕ್ಯಾನ್ಸರಿನ ಅಪಾಯ ಇದ್ದೇ ಇದೆ. ಕವಳ (ಎಲೆಯಡಿಕೆ) ಹಾಕುವ ಅಭ್ಯಾಸವೂ ಜೊತೆಗಿದ್ದರೆ ಇನ್ನೂ ಹೆಚ್ಚು. ಮಾವನಿಗೆ ಎರಡು ವರ್ಷಗಳ ಹಿಂದೆ ಕೆನ್ನೆಯ ಒಳಗೆ ಬಿಳಿ ಮಚ್ಚೆ ಕಾಣಿಸಿತು. ಪೈಪು, ಕವಳ ಎರಡನ್ನೂ ಅಂದೇ ನಿಲ್ಲಿಸಿದರು. ಡಬ್ಬಿಗಳನ್ನು ಮಾತ್ರ ಎಸೆದಿಲ್ಲ. ಸಂಜೆ ಒಂದರ ಮುಚ್ಚಳ ತೆಗೆದು ಮೂಸಿ, "ಇದರಲ್ಲಿ ಹುಲ್ಲು ಹೋಗಿ ಬೆಲ್ಲ ಬಂದಿದೆ ನೋಡು" ಎಂದು ನನ್ನ ಮೂಗಿಗೆ ಹಿಡಿಯುತ್ತಾರೆ. ವರ್ಜೀನಿಯಾ ಮುಚ್ಚಿದ ಡಬ್ಬಿಯಲ್ಲಿ ವರ್ಷಗಳು ಕಳೆದಂತೆ ಕಪ್ಪಾಗಿ, ಮಾಗಿ ಹಣ್ಣಿನ ವಾಸನೆಗೆ ತಿರುಗುವುದು ನಿಜ. ನೀವು ಪೈಪಿಗೆ ಹೊಸಬರು. ಮೂಸುವುದರಲ್ಲೇ ನಿಂತರೆ ನಿಮಗೆ ತಪ್ಪಿಹೋಗುವುದು ನೀವು ತಿಳಿದಷ್ಟು ದೊಡ್ಡದಲ್ಲ.

ಮಳೆಗಾಲದಲ್ಲಿ ತೆರೆದ ಡಬ್ಬಿಯನ್ನು ಹಾಗೆಯೇ ಇಡಬೇಡಿ. ರಬ್ಬರ್ ಉಂಗುರವಿರುವ ಗಾಜಿನ ಭರಣಿಗೆ ಸುರಿದು, ಕತ್ತಲೆಯ ಕಪಾಟಿನಲ್ಲಿಡಿ. ಆಗಾಗ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲೆಯ ಮೇಲೆ ಸಕ್ಕರೆಪುಡಿಯಂತೆ ಮಿನುಗುವ ಸಣ್ಣ ಹರಳುಗಳು ಕಂಡರೆ ಹೆದರಬೇಡಿ, ಹಳೆಯ ವರ್ಜೀನಿಯಾದಲ್ಲಿ ಅದು ಸಹಜ. ಹತ್ತಿಯ ಎಳೆಯಂತೆ ನವಿರು ಕೂದಲು ಎದ್ದಿದ್ದು, ಮುಚ್ಚಳ ತೆಗೆದಾಗ ಆಷಾಢದ ಬಟ್ಟೆಪೆಟ್ಟಿಗೆಯ ಮುಗ್ಗಲು ವಾಸನೆ ಬಂದರೆ ಅದು ಬೂಷ್ಟು. ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಯೋಚನೆ ಬೇಡ. ತೆಂಗಿನ ಬುಡಕ್ಕೂ ಬೇಡ, ಕಸಕ್ಕೆ ಹಾಕಿ, ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ.