ಗಾಳಿಯಂತ್ರ ನಿಂತರೆ ಕರೆಂಟೂ ಯಾಕೆ ನಿಲ್ಲುತ್ತದೆ?

ಚಿತ್ರದುರ್ಗದ ಜೋಗಿಮಟ್ಟಿ ಕಡೆಯ ಗುಡ್ಡದ ಮೇಲೆ ಸಾಲು ಗಾಳಿಯಂತ್ರಗಳಿವೆಯಲ್ಲ, ಅವನ್ನು ನೋಡುತ್ತಾ ಗೆಳತಿಯೊಬ್ಬಳು ಕೇಳಿದ ಪ್ರಶ್ನೆ ಇದು. ಉತ್ತರ ಹುಡುಕುತ್ತಾ ಹೋದರೆ ನಮ್ಮ ವಿದ್ಯುತ್ತಿನ ಪಾಠದ ವಿಜ್ಞಾನಿಗಳೆಲ್ಲ ಸಾಲಾಗಿ ಸಿಗುತ್ತಾರೆ. ಹೆಸರು, ಇಸವಿ ಉರು ಹೊಡೆಯಬೇಡಿ. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಏನು ಸಿಕ್ಕಿತು ಅನ್ನುವುದನ್ನು ಹಿಡಿದುಕೊಳ್ಳಿ.

ಸತ್ತ ಕಪ್ಪೆಯ ಕಾಲಿಗೆ ಎರಡು ಬಗೆಯ ಲೋಹ ತಾಗಿದಾಗ ಅದು ಸೆಟೆಯಿತು. ವಿದ್ಯುತ್ತು ಪ್ರಾಣಿಯ ದೇಹದಲ್ಲೇ ಇದೆ ಎಂದ ಇಟಲಿಯ ವಿಜ್ಞಾನಿ ಗ್ಯಾಲ್ವನಿ. ಅದೇ ನಾಡಿನ ವೋಲ್ಟಾ ಒಪ್ಪಲಿಲ್ಲ. ಕಪ್ಪೆಯನ್ನೇ ಬಿಟ್ಟು, ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ರಟ್ಟು ಇಟ್ಟು ಕಂಬದ ಹಾಗೆ ಪೇರಿಸಿದ. 1800ರಲ್ಲಿ ಆ ಸುದ್ದಿ ಲಂಡನ್ನಿನ ರಾಯಲ್ ಸೊಸೈಟಿಗೆ ಮುಟ್ಟಿತು. ಅಲ್ಲಿಯವರೆಗೆ ಒಂದು ಕಿಡಿಯಲ್ಲಿ ಮುಗಿದುಹೋಗುತ್ತಿದ್ದ ವಿದ್ಯುತ್ತು ಈಗ ತಂತಿಯಲ್ಲಿ ಬಿಡದೆ ಹರಿಯತೊಡಗಿತು.

ಈ ಹರಿವು ಸಿಕ್ಕಿದ್ದರಿಂದಲೇ 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್‌ಗೆ ತಂತಿಯ ಪಕ್ಕದ ದಿಕ್ಸೂಚಿ ತಿರುಗುವುದು ಕಂಡಿತು. ಆಂಪೇರ್ ಅದೇ ವರ್ಷ ಅದಕ್ಕೆ ಗಣಿತ ಕೊಡಲು ಕೂತ. ಓಮ್‌ನ ನಿಯಮ 1827ರದು. ವೋಲ್ಟೇಜು ಹೆಚ್ಚಿದಷ್ಟೂ ಕರೆಂಟು ಹೆಚ್ಚು, ತಂತಿಯ ತಡೆ ಹೆಚ್ಚಿದಷ್ಟೂ ಕರೆಂಟು ಕಡಿಮೆ ಎನ್ನುವ ಅದರ ಲೆಕ್ಕ ನಿಮಗೆ ಗೊತ್ತೇ ಇದೆ.

ಈಗ ಫ್ಯಾರಡೆ. ನನಗೆ ತುಂಬಾ ಇಷ್ಟವಾದವನು. ಕಮ್ಮಾರನ ಮಗ, ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ ಕಲಿಯುತ್ತಾ, ಬೈಂಡಿಗೆ ಬಂದ ಪುಸ್ತಕಗಳನ್ನೇ ಓದಿಕೊಂಡವನು. ಕರೆಂಟಿನಿಂದ ಕಾಂತತ್ವ ಬರುವುದಾದರೆ ಕಾಂತದಿಂದ ಕರೆಂಟು ಯಾಕೆ ಬರಬಾರದು ಎನ್ನುವುದು ಅವನ ಹಟ. 1831ರ ಆಗಸ್ಟ್ 29ರಂದು ಕಬ್ಬಿಣದ ಬಳೆಯ ಎರಡು ಬದಿಗೆ ಎರಡು ಸುರುಳಿ ಸುತ್ತಿದ. ಒಂದಕ್ಕೆ ಬ್ಯಾಟರಿ, ಇನ್ನೊಂದರ ತಂತಿಯ ಹತ್ತಿರ ಕಾಂತಸೂಜಿ. ಬ್ಯಾಟರಿ ಜೋಡಿಸಿದ ಕ್ಷಣ ಸೂಜಿ ಅಲುಗಿ ಸುಮ್ಮನಾಯಿತು. ಮೊದಲ ಸುರುಳಿಯಲ್ಲಿ ಕರೆಂಟು ಹರಿಯುತ್ತಲೇ ಇದ್ದರೂ ಸೂಜಿ ಮಿಸುಕಲಿಲ್ಲ. ಬ್ಯಾಟರಿ ಕಳಚಿದಾಗ ಮತ್ತೆ ಅಲುಗಿತು, ಈ ಸಲ ಉಲ್ಟಾ ದಿಕ್ಕಿಗೆ!

ಇಲ್ಲೇ ನಾವು ತಪ್ಪುವುದು. “ಸುರುಳಿಯ ಬಳಿ ಕಾಂತವಿದ್ದರೆ ಕರೆಂಟು ಹುಟ್ಟುತ್ತದೆ” ಎಂದು ಬರೆದು ನಾನೂ ಕಿರುಪರೀಕ್ಷೆಯಲ್ಲಿ ಅಂಕ ಕಳೆದುಕೊಂಡಿದ್ದೇನೆ. ಕಾಂತ ಇದ್ದರೆ ಸಾಲದು. ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರಬೇಕು. ಬದಲಾವಣೆ ಎಷ್ಟು ಬೇಗವೋ ಪ್ರೇರಿತ ವೋಲ್ಟೇಜು, ಅಂದರೆ ಹೀಗೆ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜು, ಅಷ್ಟು ಹೆಚ್ಚು. ಹಳೆ ಸೈಕಲ್ಲಿನ ಡೈನಮೋ ನೆನಪಿಸಿಕೊಳ್ಳಿ: ಜೋರಾಗಿ ತುಳಿದರೆ ದೀಪ ಪ್ರಕಾಶ, ನಿಧಾನವಾದರೆ ಮಂಕು, ನಿಂತರೆ ಕತ್ತಲು. ಗುಡ್ಡದ ಮೇಲೂ ಅಷ್ಟೇ. ರೆಕ್ಕೆ ನಿಂತರೆ ಜನರೇಟರಿನ ಒಳಗಿನ ತಿರುಗುವಿಕೆ ನಿಂತಿತು, ಸುರುಳಿ ಕಾಣುವ ಬದಲಾವಣೆಯೂ ನಿಂತಿತು.

ಲ್ಯಾಬಿನಲ್ಲಿ ಒಮ್ಮೆ ಕಾಂತವನ್ನು ಅಲುಗಿಸದೆ ಸುರುಳಿಯನ್ನೇ ಅದರತ್ತ ಸರಿಸಿ ನೋಡಿ. ಸುರುಳಿಗೆ ಜೋಡಿಸಿದ, ಕರೆಂಟು ಹರಿದರೆ ತೋರಿಸುವ ಗ್ಯಾಲ್ವನೋಮೀಟರಿನ ಮುಳ್ಳು ಆಗಲೂ ಓಡುತ್ತದೆ.